ಐಸಿನ ಮೇಲೆ ಎಡ, ಬಲ

ಜಪಾನಿನ ಗ್ಯೋಟೋಕುವಿಗೆ ಬಂದ ಮೊದಲ ವರ್ಷ ನಾನು ಮಾತಾಡುತ್ತಿದ್ದದ್ದು ಗಂಡ, ಮಗಳು, ಫೋನಿನಲ್ಲಿ ಅಮ್ಮ, ಇಷ್ಟೇ ಜನರ ಜೊತೆ. ಗಂಡ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಬಂದು ಬಾಗಿಲು ಹಾಕಿಕೊಂಡರೆ ನನ್ನ ದಿನ ಮುಗಿದಂತೆ.

ಶಿಶುವಿಹಾರದ ಗೇಟಿನಲ್ಲಿ ಸಿಗುತ್ತಿದ್ದ ಒಬ್ಬ ತಾಯಿ, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಒಂದು ಬೆಳಿಗ್ಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿದರು: "ನೀವು ಎತ್ತರ ಇದ್ದೀರಿ. ನಮ್ಮ ತಂಡಕ್ಕೆ ಗೋಲ್‌ಕೀಪರ್ ಇಲ್ಲ. ಬರ್ತೀರಾ?"

ಅದು ಹೆಂಗಸರ ಐಸ್ ಹಾಕಿ ತಂಡ. ಅವರೇ ನಾಯಕಿ. ಹವ್ಯಾಸಿಗಳ ಲೀಗಿನಲ್ಲಿ ಎಲ್ಲಕ್ಕಿಂತ ಕೆಳಗಿನ ಗುಂಪು. ನಾನೋ ಚಿತ್ರದುರ್ಗದ ಬಿಸಿಲಲ್ಲಿ ಬೆಳೆದವಳು, ಐಸನ್ನು ಕಬ್ಬಿನ ಹಾಲಿನ ಲೋಟದಲ್ಲಿ ಬಿಟ್ಟರೆ ಬೇರೆಲ್ಲೂ ಮುಟ್ಟಿದವಳಲ್ಲ.

"ನಂಗೆ ಸ್ಕೇಟಿಂಗ್ ಬರಲ್ಲ."

"ಗೋಲ್ ಬಿಟ್ಟು ಎಲ್ಲೂ ಹೋಗೋದು ಬೇಡ. ನಿಂತ್ಕೊಂಡ್ರೆ ಸಾಕು."

ನಿಲ್ಲುವುದೇ ಕಷ್ಟವಾಯಿತು. ಗೋಲು ಬಿಟ್ಟುಕೊಟ್ಟಾಗಲೆಲ್ಲ "ಸುಮಿಮಾಸೆನ್" ಎನ್ನುತ್ತಿದ್ದೆ. ನಾಯಕಿ ಒಂದು ದಿನ ಹತ್ತಿರ ಬಂದು, "ಐಸ್ ಮೇಲೆ ಕ್ಷಮೆ ಕೇಳ್ಬೇಡಿ. ಹಿಂದೆ ನಿಂತೋರಿಗೆ ಎಲ್ಲಾ ಕಾಣುತ್ತೆ, ಕೂಗಿ ಹೇಳಿ" ಎಂದರು. ಅವಸರದಲ್ಲಿ ಜಪಾನಿ ಭಾಷೆ ಎಲ್ಲಿ ಬರಬೇಕು? "ಎಡಗಡೆ! ಎಡಗಡೆ ನೋಡ್ರೇ! ಬಿಡ್ಬೇಡಿ!" ಎಂದು ಕಿರುಚಿದೆ. ಎಲ್ಲರೂ ನಕ್ಕರು, ಆಮೇಲೆ ಅರ್ಥ ಕೇಳಿದರು. ಕೆಲವೇ ವಾರಗಳಲ್ಲಿ ನಾನು "ಎಡ" ಎಂದರೆ ಇಡೀ ತಂಡ ಎಡಕ್ಕೆ ತಿರುಗತೊಡಗಿತು. ಎದುರಾಳಿಗಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಡಿಫೆಂಡರ್ ಅಂತೂ ತಾನೇ "ಬಿಡೊಬೇಡಿ!" ಎಂದು ಕೂಗುತ್ತ ಓಡುತ್ತಿದ್ದಳು.

ಮರುವರ್ಷ ನಾವು ಗೆದ್ದು ಮೇಲಿನ ಗುಂಪಿಗೆ ಹೋದೆವು. ಆ ವರ್ಷದ ಕೊನೆಯ ಪಂದ್ಯದಲ್ಲಿ ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ನನ್ನ ಮುಖವಾಡಕ್ಕೆ ಬಡಿದು ಹೊರಗೆ ಹಾರಿತು. ನಾನು ತಡೆದೆ ಎನ್ನುವುದಕ್ಕಿಂತ ಅದೇ ಬಂದು ತಗುಲಿತು ಎನ್ನಬೇಕು. ಎಲ್ಲರೂ ನನ್ನ ಮೇಲೆ ಬಿದ್ದು ಅಪ್ಪಿಕೊಂಡರು. "ಜಿರಳೆ ನೋಡಿದ್ರೆ ಮಂಚ ಹತ್ತೋಳು ನೀನೇನಾ?" ಎಂದು ಪಂದ್ಯ ನೋಡಲು ಬಂದಿದ್ದ ಗಂಡ ಮನೆಯ ದಾರಿಯುದ್ದಕ್ಕೂ ಕೇಳಿದ.

ಆ ಶರತ್ಕಾಲದಲ್ಲಿ ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಬೇಕರಿಯ ಗೆಳತಿ ಗೋಲಿನಲ್ಲಿ ನಿಂತಳು, ತಂಡ ಸೋಲುತ್ತ ಹೋಯಿತು. ಫಲಿತಾಂಶವನ್ನು ಯಾರೂ ನನಗೆ ಹೇಳಲಿಲ್ಲ. ತಂಡದವರು ಸರದಿಯ ಮೇಲೆ ಮಗಳನ್ನು ಶಿಶುವಿಹಾರದಿಂದ ಮನೆಗೆ ಕರೆತಂದರು. ನಾನು ಸಸ್ಯಾಹಾರಿ ಎಂದು ನೆನಪಿಟ್ಟು ನಾಯಕಿ ಮೀನಿನ ಪುಡಿ ಹಾಕದ ಮಿಸೋ ಸಾರು ಮಾಡಿ ತಂದರು. ಅವರ ಮನೆಯಲ್ಲಿ ಯಾರೂ ಅದನ್ನು ಹಾಗೆ ಕುಡಿಯುವುದಿಲ್ಲವಂತೆ.

ನಾನು ಮರಳುವಷ್ಟರಲ್ಲಿ ತಂಡ ಮತ್ತೆ ಕೆಳಗಿಳಿದಿತ್ತು. ಅಷ್ಟರಲ್ಲೇ ನಾವು ಆಡುತ್ತಿದ್ದ ಐಸ್ ಅಂಗಳ, ಆ ರಿಂಕ್, ಮುಚ್ಚುವ ಸುದ್ದಿ ಬಂತು. ಐಸ್ ಹೆಪ್ಪುಗಟ್ಟಿಸುವ ಯಂತ್ರ ಹಳತಾಗಿತ್ತು. ಬೇರೆ ರಿಂಕ್ ದೂರ. ಒಬ್ಬಳ ಗಂಡನಿಗೆ ವರ್ಗವಾಯಿತು, ಇನ್ನೊಬ್ಬಳು ಅತ್ತೆಯನ್ನು ನೋಡಿಕೊಳ್ಳಬೇಕಿತ್ತು. ಬದಲಿ ಆಟಗಾರ್ತಿಯರೇ ಇಲ್ಲದೆ ಕೊನೆಯ ಪಂದ್ಯ ಆಡಿ ಸೋತೆವು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ನಾಯಕಿ ಎದ್ದು, "ತಂಡ ಇವತ್ತಿಗೆ ಮುಗೀತು" ಎಂದು ತಲೆಬಾಗಿದರು. ನಾನೂ ಎದ್ದೆ. ತಪ್ಪುತಪ್ಪು ಜಪಾನಿಯಲ್ಲಿ, ಯಾರ ಸಹಾಯವೂ ಇಲ್ಲದೆ, ಸಾರಿನ ಬಗ್ಗೆ, ಮಗಳ ಬಗ್ಗೆ, ಅವರೆಲ್ಲರ ಬಗ್ಗೆ ತುಂಬ ಹೊತ್ತು ಮಾತಾಡಿದೆ. ಯಾರೂ ತಿದ್ದಲಿಲ್ಲ. ಮುಂದಿದ್ದ ನೂಡಲ್ಸ್ ಆರಿಹೋದರೂ ಒಬ್ಬರೂ ಚಾಪ್‌ಸ್ಟಿಕ್ ಎತ್ತಲಿಲ್ಲ.