ಹಿಮದ ಹೊಲಕ್ಕೆ ಚರಗ

ಗಿರಣಿಯ ಪಟ್ಟೆ ತಿರುಗುವ ಸಪ್ಪಳದಿಂದಲೇ ಮುಂಡರಗಿಯ ಆ ಓಣಿಗೆ ಬೆಳಗಾಗುತ್ತದೆ. ಮೊದಲು ಮೋಟಾರಿನ ಒಂದು ಕೆಮ್ಮು. ಆಮೇಲೆ ಟಪ್ ಟಪ್ ಎಂದು ಪಟ್ಟೆ ಗಾಳಿಗೆ ಹೊಡೆದುಕೊಳ್ಳುವ ಸದ್ದು. ಕಲ್ಲಿನ ಬಾಯಿಗೆ ಕಾಳು ಬಿದ್ದ ಮೇಲೆ, ದುಂಬಿಗಳ ಹಿಂಡು ಗೋಡೆಯೊಳಗೆ ಹೊಕ್ಕ ಹಾಗೆ ಒಂದೇ ಸಮನೆ ಗುಂಯ್ ಎನ್ನುವ ನಾದ. ಗಿರಣಿ ಅಲ್ಮಾಸಬಿಯದು. ಅದಕ್ಕೆ ಗೋಡೆ ಹಚ್ಚಿಕೊಂಡೇ ಹುಚ್ಚವ್ವನ ಮನೆ. ಅಲ್ಲಿನ ಹಿಟ್ಟಿನ ಧೂಳು ಇಲ್ಲಿನ ಕಿಟಕಿಯ ಸರಳಿನ ಮೇಲೆ ಕೂರುತ್ತದೆ. ಇಲ್ಲಿನ ಒಗ್ಗರಣೆಯ ವಾಸನೆ ಅಲ್ಲಿ ಪಾಳಿ ಹಚ್ಚಿದವರ ಮೂಗಿಗೆ ಹೋಗುತ್ತದೆ.

ಹುಚ್ಚವ್ವ ಈ ಓಣಿಯವಳಲ್ಲ, ಹಮ್ಮಿಗಿಯವಳು. ತುಂಗಭದ್ರೆಯ ದಂಡೆಯ ಎರಿ ಹೊಲದ ಕಪ್ಪು ಮಣ್ಣಿನಲ್ಲಿ ಬಿತ್ತಿ, ಕಳೆ ತೆಗೆದು, ಹತ್ತಿ ಬಿಡಿಸಿ ಗಟ್ಟಿಯಾದ ಕೈ ಅವಳದು. ಹೊಲ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಮಗನ ಮನೆಗೆ ಬಂದಳು. ಮಗ ಮೌನೇಶ ಸರ್ಕಾರಿ ಬಸ್ಸಿನ ಚಾಲಕ. ಸೊಸೆ ನೇತ್ರಾ ಗದಗಿನ ಆಸ್ಪತ್ರೆಯೊಂದರಲ್ಲಿ ನರ್ಸು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು, ಎಷ್ಟೋ ದಿನ ಗಂಡ ನಡೆಸುವ ಬಸ್ಸಿನಲ್ಲೇ. ಮೊಮ್ಮಗಳು ಸೀಮಾ ಪಿಯುಸಿ ಓದುತ್ತಾಳೆ. ಅಜ್ಜಿಯನ್ನು ಆಯಿ ಎನ್ನುತ್ತಾಳೆ.

ಒಂದು ಸಂಜೆ ಟಿವಿಯಲ್ಲಿ ಬೆಳ್ಳಗೆ ಹರಡಿಕೊಂಡ ಬೆಟ್ಟಗಳು ಬಂದವು. ಹುಚ್ಚವ್ವ ಸೊಪ್ಪು ಸೋಸುವುದನ್ನು ಬಿಟ್ಟು ನೋಡಿದಳು.

“ಅಬ್ಬಬ್ಬಾ, ಎಂಥಾ ಹತ್ತಿ ಒಡದೈತಿ! ಬಿಡಸಾಕ ಒಬ್ಬರೂ ಇಲ್ಲಲ್ಲ?”

“ಆಯಿ, ಅದು ಹತ್ತಿ ಅಲ್ಲ, ಹಿಮ. ಶಿಮ್ಲಾ ಅದು,” ಎಂದು ಸೀಮಾ ಬಿದ್ದು ಬಿದ್ದು ನಕ್ಕಳು.

ಹುಚ್ಚವ್ವ ನಗಲಿಲ್ಲ. “ಅದರಾಗ ಕಾಲಿಟ್ರ ಹುಗೀತಾವೇನ?” ಎಂದು ಕೇಳಿದಳು. ಆ ಒಂದು ಪ್ರಶ್ನೆ ಮನೆಯಲ್ಲಿ ಉಳಿದುಬಿಟ್ಟಿತು. ನೇತ್ರಾ ಡಿಸೆಂಬರ್ ಕೊನೆಯ ವಾರಕ್ಕೆ ರಜೆ ಹಾಕಿದಳು, ಮೌನೇಶನೂ ಡಿಪೋದಲ್ಲಿ ಕಾಡಿಬೇಡಿ ರಜೆ ತಂದ.

“ನಡುವ ಹಬ್ಬ ಹುಣ್ಣಿವಿ ಏನರ ಬರತೈತೇನ ನೋಡವ್ವಾ,” ಎಂದು ಹುಚ್ಚವ್ವ ಸೊಸೆಗೆ ಹೇಳಿದ್ದಳು.

“ನೋಡೀನ್ರಿ ಅತ್ತಿ. ಒಂದೂ ಇಲ್ಲ.”

ಹೊರಡುವ ಮುಂಜಾನೆ ಅಲ್ಮಾಸಬಿ ಸಜ್ಜಿ ಹಿಟ್ಟಿನ ಗಂಟು ತಂದುಕೊಟ್ಟಳು. “ಥಂಡಿ ಊರಿಗೆ ಹೊಂಟೀಯಕ್ಕ, ಸಜ್ಜಿ ಮೈಗೆ ಕಾವು ಕೊಡತೈತಿ. ಬರೂ ಮುಂದ ನನಗೂ ಅಲ್ಲಿ ಬಿದ್ದ ಬರ್ಫಿನ ಒಂದ ಉಂಡಿ ಕಟಗೊಂಡ ಬಾ.”

“ತರತೇನಿ. ಹುಬ್ಬಳ್ಳಿಗೆ ಬರೂದ್ರಾಗ ಕರಗಿದ್ರ ಕುಡದ ಬಿಡತೇನಿ ನೋಡ ಮತ್ತ.”

ಹುಬ್ಬಳ್ಳಿಯಿಂದ ದಿಲ್ಲಿ, ದಿಲ್ಲಿಯಿಂದ ಕಾಲ್ಕಾ, ಅಲ್ಲಿಂದ ಬೆಟ್ಟ ಸುತ್ತುವ ಪುಟ್ಟ ರೈಲು. ಶಿಮ್ಲಾದ ಮೊದಲ ದಿನ ಹುಚ್ಚವ್ವನಿಗೆ ಹಬ್ಬವೇ. ಇಳಕಲ್ ಸೀರೆಯ ಮೇಲೆ ಮಗನ ಜಾಕೀಟು, ತಲೆಗೆ ಮೊಮ್ಮಗಳ ಟೋಪಿ. ಮಾಲ್ ರಸ್ತೆಯ ಉದ್ದಕ್ಕೂ ಅವಳೇ ಮುಂದೆ. ಕುದುರೆ ಹತ್ತಿಸುತ್ತೇನೆಂದು ಬಂದವನಿಗೆ ತನ್ನ ಮೊಣಕಾಲು ತಟ್ಟಿ ತೋರಿಸಿ, “ಇವು ಇನ್ನೂ ನಡೀತಾವಪಾ,” ಎಂದು ಕನ್ನಡದಲ್ಲೇ ಹೇಳಿ ಕಳಿಸಿದಳು. ಇಗರ್ಜಿಯ ಹತ್ತಿರ ಮಂಗವೊಂದು ಅವಳ ಕೈಚೀಲದಿಂದ ಖಟಕ ರೊಟ್ಟಿ ಎಗರಿಸಿ ಮರ ಹತ್ತಿ ಕಟಕಟ ಕಡಿಯತೊಡಗಿದಾಗ, “ತಿನ್ನು, ತಿನ್ನು. ಹಲ್ಲು ಗಟ್ಟಿ ಅದಾವ ನಿನ್ನವು,” ಎಂದು ಹರಸಿದಳು. ಹಿಮದಲ್ಲಿ ಕಾಲು ಹುಗಿದವು. ಮೊಣಕಾಲಿನವರೆಗೆ ಅಲ್ಲ, ಹಿಮ್ಮಡಿಯವರೆಗೆ. ಅವಳಿಗೆ ಅಷ್ಟೇ ಸಾಕಾಯಿತು.

ಸಂಜೆ ಲಾಡ್ಜಿನ ಕೋಣೆಯಲ್ಲಿ ರಜಾಯಿ ಹೊದ್ದು ಕುಳಿತಾಗ ಅಲ್ಮಾಸಬಿಯ ಫೋನು ಬಂತು.

“ಏನಕ್ಕ, ಬದುಕಿದ್ದೀಯೋ ಹೆಪ್ಪ ಹಿಡದೀಯೋ? ಇಲ್ಲೆ ಗಿರಣಿ ಮುಂದ ಕಾಲಿಡಾಕ ಜಾಗ ಇಲ್ಲ. ನಾಳಿ ಎಳ್ಳ ಅಮಾಸಿ ಅಲಾ, ಊರೇ ಸಜ್ಜಿ ಬೀಸಾಕ ಬಂದೈತಿ. ಪಾಳಿಯಾಗ ನಿನ್ನ ಡಬ್ಬಿ ಇಲ್ಲ ನೋಡು, ಬಣಬಣ ಅನಸಾಕತ್ತೈತಿ.”

ಹುಚ್ಚವ್ವ ಫೋನನ್ನು ಮೊಮ್ಮಗಳ ಕೈಗಿಟ್ಟಳು. ಹೋದ ವರ್ಷ ಆ ಅಮಾವಾಸ್ಯೆ ಸಂಕ್ರಾಂತಿಯ ಹತ್ತಿರ ಬಂದಿತ್ತು. ಈ ವರ್ಷವೂ ಹಾಗೇ ಎಂದುಕೊಂಡಿದ್ದಳು.

ನೇತ್ರಾಳ ಮುಖ ಸಣ್ಣದಾಯಿತು. “ಅತ್ತಿ, ನಾ ಕ್ಯಾಲೆಂಡರನ್ಯಾಗ ಕೆಂಪ ತಾರೀಕ ಅಷ್ಟ ನೋಡಿದ್ನಿರಿ. ಅದಕ್ಕ ಸೂಟಿ ಇಲ್ಲಲ್ಲ, ಕೆಂಪ ಇರಲಿಲ್ಲ.”

“ಕೆಂಪ ತಾರೀಕ ಸರಕಾರದ್ದವ್ವ. ಅದರ ಬಾಜೂಕ ಕರೀ ಚಂದ್ರ ಇರತಾನಲ್ಲ, ಆಂವ ನಮ್ಮಾಂವ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನೇತ್ರಾಳನ್ನು ಹೆಚ್ಚು ಚುಚ್ಚಿತು. ಅವಳ ತಂದೆ ಗದಗಿನಲ್ಲಿ ಕಾಳು ಮಾರಿಕೊಡುವ ಅಡತಿ ಅಂಗಡಿಯ ಗುಮಾಸ್ತ. ಕಾಳು ಚೀಲದಲ್ಲಿ ಬರುವುದನ್ನು ಕಂಡು ಬೆಳೆದವಳಿಗೆ ಹೊಲಕ್ಕೆ ಊಟ ಬಡಿಸುವುದು ಗೊತ್ತಿರಲಿಲ್ಲ. ಆ ದಿನ ಅತ್ತೆ ಪ್ರತಿ ವರ್ಷ ಒಬ್ಬಳೇ ಹಮ್ಮಿಗಿಗೆ ಹೋಗಿ ಬರುತ್ತಿದ್ದಳು.

ಎಳ್ಳ ಅಮಾವಾಸ್ಯೆಗೆ ಭೂಮಿ ತುಂಬಿದ ಬಸುರಿ. ಬಯಕೆಯ ಅಡುಗೆ ಹೊತ್ತು ಹೊಲಕ್ಕೆ ಹೋಗಿ ನಾಲ್ಕೂ ಮೂಲೆಗೆ ಚೆಲ್ಲಬೇಕು. ಅದೇ ಚರಗ. ಮುಂದಿನವರು “ಹುಲಿಗ್ಯೋ” ಎಂದು ಕೂಗಿ ಚೆಲ್ಲುತ್ತಾರೆ. ಹಿಂದಿನವರು “ಚಲ್ಲಂಬ್ರಿಗ್ಯೋ” ಎಂದು ಓಗೊಟ್ಟು ನೀರು ಚಿಮುಕಿಸುತ್ತಾರೆ. ಆ ಮಾತುಗಳ ಅರ್ಥವನ್ನು ಹಮ್ಮಿಗಿಯಲ್ಲಿ ಯಾರೂ ಕೇಳಿದವರಲ್ಲ. ಆದರೆ ಓಗೊಡುವವರಿಲ್ಲದ ಚರಗ ಚರಗವಲ್ಲ ಎಂಬುದು ಎಲ್ಲರಿಗೂ ಗೊತ್ತು.

ಗಂಡ ಹುಲಗಪ್ಪ ಇರುವ ತನಕ ಕೂಗು ಅವನದು, ಓಗೊಡುವುದು ಇವಳದು. ಅವನು ತೀರಿದ ವರ್ಷ ಭಾವ ಬುಟ್ಟಿಗೆ ಕೈ ಚಾಚಿದ್ದ. “ಹೆಂಗಸರು ಅಡಿಗಿ ಮಾಡೂದು, ಗಂಡಸರು ಚೆಲ್ಲೂದು,” ಎಂದಿದ್ದ. ಹುಚ್ಚವ್ವ ಬುಟ್ಟಿ ಬಿಡಲಿಲ್ಲ. “ಬಿತ್ತಾಕ ನಾ, ಕಳೆ ತಗ್ಯಾಕ ನಾ, ರಾಶಿ ಮಾಡಾಕ ನಾ. ಉಣಸಾಕ ಮಾತ್ರ ನೀ ಏನ?” ಎಂದು ಕೇಳಿ, ಸಣ್ಣವನಾಗಿದ್ದ ಮೌನೇಶನ ಕೈಗೆ ನೀರಿನ ತಂಬಿಗೆ ಕೊಟ್ಟು ಹೊಲಕ್ಕೆ ಇಳಿದಿದ್ದಳು. ಹೊಲ ಮುಳುಗಿದ ಮೇಲೂ ಬಿಡಲಿಲ್ಲ. ಹಿನ್ನೀರಿನ ದಂಡೆಗೆ ನಿಂತು ನೀರಿನ ಮೇಲೆಯೇ ಚೆಲ್ಲಿದಳು. ಮೌನೇಶ ಕೆಲಸಕ್ಕೆ ಸೇರಿದ ಮೇಲೆ ಅಮಾವಾಸ್ಯೆಗೆ ಅವನಿಗೆ ರಜೆಯೇ ಸಿಗಲಿಲ್ಲ. ಹಿಂದೆ ನಿಂತು ಓಗೊಟ್ಟವನು ಮೈದುನನ ಮಗ ಯಂಕಪ್ಪ. ಅವಳು ಯಾರಿಗೂ ಹೇಳದ ಮಾತೊಂದಿತ್ತು: ತನ್ನ ಕೂಗಿಗೆ ತನ್ನ ಮನೆಯ ದನಿ ಓಗೊಟ್ಟು ವರ್ಷಗಳಾದವು; ತನ್ನೊಂದಿಗೇ ಇದು ಮುಗಿಯುತ್ತದೇನೋ.

“ಯಂಕಪ್ಪಗ ಫೋನ್ ಮಾಡತೇನ ಯವ್ವಾ,” ಎಂದ ಮೌನೇಶ. “ನಿನ್ನ ಹೆಸರಿಲೆ ಆಂವನ ಚೆಲ್ಲಲಿ.”

“ನನ್ನ ಪಾಲಿನ ಊಟ ಯಂಕಪ್ಪ ಉಂಡ್ರ ನನ್ನ ಹೊಟ್ಟಿ ತುಂಬತೈತೇನಲೇ?”

“ಮತ್ತ ಇಲ್ಲೆಲ್ಲೈತಿ ಹೊಲ?”

ಹುಚ್ಚವ್ವ ಕಿಟಕಿಯ ಪರದೆ ಸರಿಸಿದಳು. ಲಾಡ್ಜಿನ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಸೇಬಿನ ತೋಟ. ಎಲೆಯಿಲ್ಲದ ಗಿಡಗಳ ಬುಡದಲ್ಲಿ ಹಿಮ ಗುಡ್ಡೆ ಬಿದ್ದಿತ್ತು. ನೀರಿನಡಿಯ ಹೊಲಕ್ಕೆ ಉಣಿಸಿದವಳಿಗೆ ಹಿಮದಡಿಯ ಹೊಲ ಯಾವ ದೊಡ್ಡ ಮಾತು?

“ಬಸರಿ ಹೆಂಗಸು ಮುಸುಕು ಹೊದ್ದು ಮಲಗ್ಯಾಳಂತ ಊಟಕ್ಕ ಎಬ್ಬಸಂಗಿಲ್ಲೇನು?” ಎಂದಳು.

ಬೆಳಿಗ್ಗೆ ಸ್ನಾನ ಮುಗಿಸಿ ಸಜ್ಜಿ ಹಿಟ್ಟಿನ ಗಂಟು ಹಿಡಿದು ಅಡುಗೆಮನೆಗೆ ಇಳಿದಳು. ಊರಿಂದ ತಂದ ಬುತ್ತಿ ದಾರಿಯಲ್ಲಿ ಉಂಡು ಎಂಜಲಾಗಿತ್ತು, ಚರಗಕ್ಕೆ ಆಗದು. ಅಲ್ಲಿ ಲಾಡ್ಜಿನವರ ತಾಯಿ, ಕೆಂಪು ವಸ್ತ್ರ ತಲೆಗೆ ಕಟ್ಟಿದ ಮುದುಕಿ, ಕಟ್ಟಿಗೆಯ ಒಲೆಗೆ ಕೈ ಕಾಸುತ್ತಿದ್ದಳು. ಸೀಮಾ ತನಗೆ ಬಂದ ಹಿಂದಿಯಲ್ಲಿ ಎಲ್ಲ ಹೇಳಿದಳು. ಮುದುಕಿಗೆ ಅರ್ಧ ತಿಳಿಯಿತು. ಹುಚ್ಚವ್ವ ಕಿಟಕಿಯಾಚೆಯ ತೋಟ ತೋರಿಸಿ, ಹೊಟ್ಟೆ ಉಬ್ಬಿದ ಹಾಗೆ ಕೈ ಮಾಡಿ, ಆಮೇಲೆ ಬಾಯಿಗೆ ತುತ್ತಿಡುವ ಹಾಗೆ ಮಾಡಿದಳು. ಉಳಿದರ್ಧವೂ ತಿಳಿಯಿತು. ಮುದುಕಿ ಎದ್ದು ಒಲೆಯ ಮುಂದಿನ ಮಣೆ ಬಿಟ್ಟುಕೊಟ್ಟಳು.

ಎಳ್ಳು ಇರಲಿಲ್ಲ. “ತಿಲ್,” ಎಂದಳು ಸೀಮಾ. ಮುದುಕಿ ತಮ್ಮ ಹಬ್ಬಕ್ಕೆಂದು ಇಟ್ಟ ಎಳ್ಳಿನ ಡಬ್ಬಿಯನ್ನು ಮುಚ್ಚಳ ತೆಗೆದೇ ಮುಂದಿಟ್ಟಳು. ಕುದಿನೀರಿನಲ್ಲಿ ಹಿಟ್ಟು ನಾದಿ ಹುಚ್ಚವ್ವ ರೊಟ್ಟಿ ಬಡಿದಳು, ಎಳ್ಳು ಒತ್ತಿದಳು, ಬೆಲ್ಲ ಹಾಕಿ ಕಡಬು ಮಾಡಿದಳು. ಬದನೆಕಾಯಿ ಸಿಕ್ಕಿತು, ಪುಂಡಿ ಸೊಪ್ಪು ಎಲ್ಲಿಂದ ಬರಬೇಕು? ಸಾಸಿವೆ ಸೊಪ್ಪಿನ ಪಲ್ಯವಾಯಿತು. “ಊರಿಗೆ ತಕ್ಕ ಬಯಕಿ. ಈ ಭೂಮಿಗೆ ಪುಂಡಿ ರುಚಿ ಏನ ಗೊತ್ತು,” ಎಂದು ತಾನೇ ತೀರ್ಪು ಕೊಟ್ಟಳು.

ಅನ್ನ, ಪಲ್ಯ, ರೊಟ್ಟಿ, ಕಡಬು ಕಲಸಿದ ಬುಟ್ಟಿ ಸೊಂಟಕ್ಕೇರಿಸಿ ತೋಟದ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟಳು. ಹೊಲಕ್ಕೆ ಚಪ್ಪಲಿ ಮೆಟ್ಟಿ ಊಟ ಒಯ್ಯುವುದುಂಟೆ? ನೇತ್ರಾ ಓಡಿ ಬಂದು ಅಡ್ಡ ನಿಂತಳು.

“ಅತ್ತಿ, ನಿಮಗ ಸಕ್ಕರಿ ಬ್ಯಾನಿ ಐತಿ. ಚಪ್ಪಲಿ ಇಲ್ಲದ ಬರ್ಫಿನ್ಯಾಗ ಇಳದ್ರ ನಾ ಸುಮ್ಮನ ಇರಂಗಿಲ್ಲ ನೋಡ್ರಿ. ಕಾಲ ಹೋದ್ರ ಮುಂದಿನ ವರ್ಷ ಹೆಂಗ ಚೆಲ್ಲತೀರಿ?”

ಹುಚ್ಚವ್ವ ಸೊಸೆಯನ್ನು ದಿಟ್ಟಿಸಿದಳು. ಮುಂದಿನ ವರ್ಷ ಎಂದಳಲ್ಲ ಇವಳು.

“ಚರಮದ್ದು ಆಗಂಗಿಲ್ಲ. ಉಣ್ಣೀದು ಆದ್ರ ನಡೀತೈತಿ.”

ನೇತ್ರಾ ಅಲ್ಲೇ ಮೊಣಕಾಲೂರಿ ತನ್ನ ಉಣ್ಣೆಯ ಕಾಲುಚೀಲ ಬಿಚ್ಚಿ ಅತ್ತೆಯ ಕಾಲುಚೀಲದ ಮೇಲೆ ಏರಿಸಿದಳು.

ತೋಟದ ಗೋಡೆಯ ಆಚೆ ರಸ್ತೆ. ಅಲ್ಲಿ ಬೇರೆ ಬೇರೆ ಊರಿನ ಪ್ರವಾಸಿಗಳು ಹಿಮದ ಉಂಡೆ ಎಸೆದಾಡುತ್ತಿದ್ದರು. ಮೌನೇಶ ತಾಯಿಯ ಕಿವಿಯ ಹತ್ತಿರ ಬಗ್ಗಿದ. “ಯವ್ವಾ, ಮಂದಿ ಭಾಳ ಅದಾರ. ಕೈ ಮುಗದು ಸುಮ್ಮನ ಹಾಕಿಬಿಡು. ಕೂಗೂದು ಬ್ಯಾಡ.”

“ಕರೀಲಾರದ ಎಲಿ ಹಾಕತಾರೇನಲೇ? ಊರ ತುಂಬ ಹಾರ್ನ್ ಹೊಡಕೋತ ಅಡ್ಡಾಡಾಂವ ನೀ, ತಾಯಿ ಕೂಗಿದ್ರ ನಾಚಕಿ ಬಂತೇನ?”

ತಂಬಿಗೆಯನ್ನು ಅವನತ್ತ ಚಾಚಿದಳು. ಅವನು ರಸ್ತೆಯತ್ತ ನೋಡಿದ. ಕೈ ಮುಂದೆ ಬರಲಿಲ್ಲ. ಹುಚ್ಚವ್ವ ತಂಬಿಗೆಯನ್ನು ಹಿಮದ ಮೇಲಿಟ್ಟು, ಬೆನ್ನು ತಿರುಗಿಸಿ ಮೊದಲ ಮೂಲೆಗೆ ನಡೆದಳು. ಓಗೊಡುವವರು ಇರಲಿ ಬಿಡಲಿ, ಕರೆಯುವುದು ತನ್ನ ಕೆಲಸ. ಮುಷ್ಟಿ ತುಂಬಿ ಕೈ ಎತ್ತಿದಳು.

“ಹುಲಿಗ್ಯೋ!”

ದನಿ ದೇವದಾರು ಮರಗಳ ನಡುವೆ ಹೋಗಿ ನಿಂತಿತು. ರಸ್ತೆಯ ಮೇಲಿನ ನಗು ನಿಂತಿತು. ಬಿಳಿ ಹಿಮದ ಮೇಲೆ ಅನ್ನ, ಎಳ್ಳು, ಹಸಿರು ಪಲ್ಯ ಚೆಲ್ಲಿಕೊಂಡವು. ಹಿಂದೆ ಸದ್ದಿಲ್ಲ. ಹುಚ್ಚವ್ವ ತಿರುಗಿ ನೋಡಲಿಲ್ಲ.

“ಚಲ್ಲಂ... ಚಲ್ಲಂಬ್ರಿಗ್ಯೋ!”

ಸಣ್ಣ ದನಿ, ರಾತ್ರಿಯಷ್ಟೇ ಕೇಳಿ ಕಲಿತ ಮಾತಿಗೆ ಎಡವಿದ ದನಿ. ಮಗನದಲ್ಲ. ನೇತ್ರಾ ಕಾಲುಚೀಲವಿಲ್ಲದ ಕಾಲುಗಳನ್ನು ಬೂಟಿನಿಂದಲೂ ಹೊರತೆಗೆದು, ತಂಬಿಗೆ ಹಿಡಿದು, ಅತ್ತೆಯ ಹೆಜ್ಜೆ ಬಿದ್ದಲ್ಲೇ ಹೆಜ್ಜೆ ಇಡುತ್ತ ನೀರು ಚಿಮುಕಿಸುತ್ತಿದ್ದಳು.

“ಏ ಹುಚ್ಚಿ, ನಿನ್ನ ಕಾಲು!”

“ನನಗ ಸಕ್ಕರಿ ಬ್ಯಾನಿ ಇಲ್ರಿ. ನೀವು ಮುಂದ ನಡೀರಿ, ಇಲ್ಲಂದ್ರ ಬೆರಳ ಬೀಳತಾವು!”

ಹುಚ್ಚವ್ವ ನಗುತ್ತಲೇ ಬೇಗ ಬೇಗ ಹೆಜ್ಜೆ ಹಾಕಿದಳು. ಎರಡನೆಯ ಮೂಲೆಯಲ್ಲಿ ಅವಳು ಕೂಗಿದಾಗ ಸೀಮಾಳ ದನಿಯೂ ಕೂಡಿತು. ಮೂರನೆಯ ಮೂಲೆಯಲ್ಲಿ ಬೆನ್ನ ಹಿಂದಿನಿಂದ ದಪ್ಪ ದನಿಯೊಂದು ಎದ್ದು ಎರಡೂ ಹೆಣ್ಣು ದನಿಗಳನ್ನು ಹೊತ್ತುಕೊಂಡು ಬೆಟ್ಟಕ್ಕೆ ಬಡಿಯಿತು. ಮೌನೇಶ. ಹಮ್ಮಿಗಿಯ ಹೊಲದಲ್ಲಿ ಕೇಳಿದ್ದು ಎಳೆಯ ದನಿ. ಈಗ ಅದು ಥೇಟ್ ಹುಲಗಪ್ಪನದು. ಬಾಗಿಲಲ್ಲಿ ನಿಂತ ಲಾಡ್ಜಿನ ಮುದುಕಿ ತನ್ನ ಗಿಡಗಳಿಗೆ ಕೈ ಮುಗಿಯುತ್ತಿದ್ದಳು.

ಗೋಡೆಯ ಮೇಲಿಂದ ಪೇಟದ ಹಿರಿಯರೊಬ್ಬರು ಬಗ್ಗಿ ಇದೇನು ನಡೆದಿದೆ ಎಂದು ಹಿಂದಿಯಲ್ಲಿ ಕೇಳಿದರು: “ಮಾತಾಜಿ, ಯೇ ಕ್ಯಾ ಹೋ ರಹಾ ಹೈ?”

ತನ್ನ ತಾಯಿ ಪ್ರತಿ ವರ್ಷ ಭೂಮಿಗೆ ಊಟ ಕೊಡುತ್ತಾಳೆಂದು ಹೇಳಲು ನಾಚುತ್ತಿದ್ದ ಮಗನೇ ಎದೆ ಮುಂದೆ ಮಾಡಿ ಹೋದ. “ಹಮಾರಾ ಮಾ ಹೈ ಜೀ. ಜಮೀನ್ ಕೋ ಖಾನಾ ದೇತಾ ಹೈ. ಹರ್ ಸಾಲ್ ದೇತಾ ಹೈ.” ಹಿಂದಿ ಅಲ್ಲಿಗೆ ಮುಗಿಯಿತು. “ಯವ್ವಾ, ಒಂದೀಟ ನಿಲ್ಲು, ಇವರು ಕೇಳಾಕತ್ತಾರ. ಚರಗ ಅಂದ್ರ ಏನಂತ ನೀನ ತಿಳಿಸಿ ಹೇಳು.”

“ನೀ ಹೇಳಲೇ, ನಿನಗ ಗೊತ್ತಿಲ್ಲೇನು?” ಎಂದ ಹುಚ್ಚವ್ವ ಬುಟ್ಟಿಯನ್ನು ಮತ್ತೆ ಸೊಂಟಕ್ಕೇರಿಸಿ, ಹಿಮವನ್ನು ಹತ್ತಿಯ ಸಾಲಿನಂತೆ ಕಾಲಲ್ಲಿ ಸರಿಸುತ್ತ ಆಗಲೇ ಹೊರಟಿದ್ದಳು. “ಮೂರು ಮೂಲಿ ಉಂಡಾವು, ನಾಲ್ಕನೇದು ಹಸಗೊಂಡ ಕುಂತೈತಿ. ನೇತ್ರಾ, ನೀರ ತಗೊಂಡ ಬಾರವ್ವ, ಬಡಸಾಕ ನಿಂತಾಕಿ ಮಂದಿ ಕೂಡ ಮಾತಾಡಿಕೋತ ನಿಂತ್ರ ಆ ತಾಯಿ ನಮ್ಮ ಮನಿತನದ ಬಗ್ಗೆ ಏನಂತ...”