ನೆರಳಿಗೆಂದು ತಂದ ಪ್ರಿಮ್ರೋಸ್

ಬೈರಿದೇವರಕೊಪ್ಪದ ನಮ್ಮ ಮನೆಯ ಹಿತ್ತಲಿಗೆ ಮೊದಲು ಒಳ್ಳೆಯ ಬಿಸಿಲು ಬರುತ್ತಿತ್ತು. ದಕ್ಷಿಣಕ್ಕಿರುವ ನೆರೆಮನೆಯವರು ಮೇಲೆ ಎರಡು ಅಂತಸ್ತು ಏರಿಸಿದ ಮೇಲೆ ಮಲ್ಲಿಗೆ ಮೊಗ್ಗು ಬಿಡಲಿಲ್ಲ, ಗುಲಾಬಿ ಸೊರಗಿ ಸತ್ತಿತು. ನನ್ನ ಯಜಮಾನರಿಗೂ, ಗೋಕುಲ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಆ ಮನೆಯ ಹಿರಿಯರಿಗೂ ಮಾತಿಗೆ ಮಾತು ಬೆಳೆದು, ಕಡೆಗೆ ಮಾತೇ ನಿಂತುಹೋಯಿತು.

ಮಾತು ಬಿಡದವರು ಅವರ ಹೆಂಡತಿ ಒಬ್ಬರೇ. ನಾನು ಅವರನ್ನು ಭಾಭಿ ಎನ್ನುತ್ತಿದ್ದೆ. ಒಂದು ಡಿಸೆಂಬರಿನಲ್ಲಿ, ಊಟಿಯಲ್ಲಿರುವ ಮಗಳ ಮನೆಯಿಂದ ಬಂದವರೇ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಸಿಗಳನ್ನು ನನ್ನ ಕೈಗಿಟ್ಟರು.

“ಪ್ರಿಮ್ರೋಸ್ ಅಂತಾರ್ರಿ ಅಕ್ಕಾರ. ಇದಕ್ಕ ಬಿಸಲು ಬ್ಯಾಡಂತ. ನಮ್ಮ ಗ್ವಾಡಿಯಿಂದ ನಿಮ್ಮ ಹೂವೆಲ್ಲಾ ಹೋದ್ವು. ಇವಾದ್ರೂ ಬರ್ಲಿ.”

ಇಬ್ಬರೂ ಕೂತು ಕರಿಮಣ್ಣಿಗೆ ಮರಳು, ಎಲೆಗೊಬ್ಬರ ಬೆರೆಸಿ ನೆಟ್ಟೆವು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಸುಕ್ಕುಸುಕ್ಕಾದ ಎಲೆಗಳ ನಡುವೆ ತಿಳಿಹಳದಿ ಹೂ ಕಂಡವು. ಭಾಭಿ ದಿನಾ ಚಹಾದ ಕಪ್ಪು ಹಿಡಿದೇ ಬಂದು ನೋಡುತ್ತಿದ್ದರು. ಆಗಲೇ ಅವರಿಗೆ ಊಟ ಸೇರುತ್ತಿರಲಿಲ್ಲ, ಮುಖ ಇಳಿದಿತ್ತು. ಹೂ ಇನ್ನೂ ಇರುವಾಗಲೇ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು.

ಶಿವರಾತ್ರಿ ಮುಗಿದದ್ದೇ ಸೆಕೆ ಏರಿತು. ನೆರಳಿದ್ದರೂ ಗಾಳಿಯೇ ಕಾದಿತ್ತು. ಸುತ್ತ ಒದ್ದೆ ಗೋಣಿತಟ್ಟು ಕಟ್ಟಿದೆ, ಎರಡು ಹೊತ್ತು ನೀರು ಚಿಮುಕಿಸಿದೆ. ಎಲೆಗಳು ಒಂದೊಂದಾಗಿ ನೆಲಕ್ಕೆ ಅಂಟಿದವು. ಕಿತ್ತು ನೋಡಿದರೆ ಬೇರು ಕೊಳೆತಿತ್ತು.

ಆಸ್ಪತ್ರೆಯಲ್ಲಿ ಭಾಭಿ ಮೊದಲು ಕೇಳಿದ್ದು ಅದನ್ನೇ.

“ಹೂ ಅದಾವೇನ್ರಿ?”

“ಇಲ್ರಿ ಭಾಭಿ. ಒಂದೂ ಉಳೀಲಿಲ್ಲ.”

“ಇದು ಅವುಕ್ಕ ಒಗ್ಗೂ ಊರಲ್ಲ ಬಿಡ್ರಿ,” ಎಂದು ನನ್ನ ಕೈ ಸವರಿದರು. ಸಮಾಧಾನ ಹೇಳಲು ಹೋದವಳು ನಾನು.

ಮಳೆ ಶುರುವಾಗುವ ಮೊದಲೇ ಅವರು ತೀರಿಕೊಂಡರು. ಕೆಲವು ವಾರಗಳ ನಂತರ ಒಂದು ಸಂಜೆ ಅವರ ಗಂಡ ನಮ್ಮ ಗೇಟಿನ ಹೊರಗೆ ನಿಂತಿದ್ದರು. ನನ್ನ ಯಜಮಾನರೇ ಹೋಗಿ, “ಒಳಗ ಬರ್ರಿ,” ಎಂದರು.

“ಆಕಿ ಹಚ್ಚಿದ ಗಿಡ ಒಮ್ಮೆ ನೋಡಬೇಕಾಗಿತ್ರಿ.”

ಅವು ಹೋದ ಸಂಗತಿ ಅವರಿಗೆ ತಿಳಿದಿರಲಿಲ್ಲ. ಹೇಳಿದೆ. ಆದರೂ ಜಾಗ ತೋರಿಸಿ ಎಂದರು. ಅಲ್ಲಿ ಹಸಿ ಮಣ್ಣು, ಪಾಚಿ ಬಿಟ್ಟರೆ ಏನೂ ಇರಲಿಲ್ಲ. ಅದರ ಮುಂದೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನನ್ನ ಯಜಮಾನರು ಒಳಗಿನಿಂದ ಕುರ್ಚಿ ತಂದಿಟ್ಟರು. ಅವರು ಏಳಲಿಲ್ಲ.