ಟವಲ್ಲಿನ ಕೆಳಗಿನ ಕೈ

ಬೆಲೆ ಮೊದಲು ಹೇಳಿಬಿಡುತ್ತೇನೆ, ಸರಕು ಆಮೇಲೆ ತೋರಿಸುತ್ತೇನೆ. ವ್ಯಾಪಾರದಲ್ಲಿ ನಾನು ಯಾವತ್ತೂ ಹೀಗೆ ಮಾಡಿದವನಲ್ಲ. ಬೆಲೆ ಎರಡು ಬೆರಳು, ನನ್ನ ಬಲಗೈಯವು, ತೋರುಬೆರಳು ಮತ್ತು ಅದರ ಪಕ್ಕದ್ದು. ಜೊತೆಗೆ ಒಂದು ಕಣ್ಣು, ಈ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಒಬ್ಬ ಗುಮಾಸ್ತನದು. ಇಷ್ಟೂ ಹೋದದ್ದು ಯಾಕೆಂದರೆ, ಅರಸೀಕೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಆವತ್ತು ಕೊಬ್ಬರಿ ಏನು ರೇಟಿಗೆ ಹೋಯಿತು ಅನ್ನುವುದನ್ನು ನಾನು ಮೊಬೈಲಿನಲ್ಲಿ ಎಲ್ಲರಿಗೂ ಒಟ್ಟಿಗೆ ಕಳಿಸಿದೆ.

ನಾನು ಜಾವಗಲ್ ಕಡೆಯವನು. ಯಾರ್ಡಿಗೆ ಬಂದದ್ದು ಮೂಟೆ ಹೊರುವುದಕ್ಕೆ. ಹೊರುತ್ತಾ ಹೊರುತ್ತಾ ಯಾರು ಯಾರಿಗೆ ಹೆದರುತ್ತಾರೆ, ಯಾವ ರೈತನಿಗೆ ಮನೆಯಲ್ಲಿ ಮದುವೆ ಐತೆ, ಯಾರಿಗೆ ಇವತ್ತೇ ಮಾರಿ ಬಸ್ಸು ಹಿಡಿಯಬೇಕು, ಇದೆಲ್ಲ ಕಲಿತೆ. ಕಲಿತವನು ಮೂಟೆ ಇಳಿಸಿ ದಲ್ಲಾಳಿಯಾದೆ. ಆ ಕಾಲದಲ್ಲಿ, ತೊಂಬತ್ತರ ದಶಕದಲ್ಲಿ, ನಮ್ಮಲ್ಲಿ ರೇಟು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನು ಹೆಗಲ ಮೇಲಿನ ಟವಲ್ಲನ್ನು ತನ್ನ ಕೈ ಮೇಲೆ ಇಳಿಬಿಡುತ್ತಿದ್ದ. ಮಾರುವವನು ಅದರೊಳಗೆ ಕೈ ಕೊಡುತ್ತಿದ್ದ. ಒಳಗೆ ಬೆರಳಿಗೆ ಬೆರಳು ಸಿಕ್ಕಿಸಿ ಒತ್ತುವುದೇ ಲೆಕ್ಕ: ಒಂದು ಬೆರಳಿಗೆ ನೂರು, ಪೂರ್ತಿ ಮುಷ್ಟಿಗೆ ಐನೂರು. ಹೊರಗೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಾ ನಿಂತಿರುತ್ತಿದ್ದರು. ಒಪ್ಪಿಗೆಯಾದರೆ ಗಟ್ಟಿಯಾಗಿ ಅಮುಕುವುದು, ಇಲ್ಲವಾದರೆ ಬೆರಳು ಬಿಡಿಸಿಕೊಳ್ಳುವುದು. ಚಾಚಿದ ಟವಲ್ಲಿಗೆ ಕೈ ಕೊಡದೆ ಹೋದರೆ ಮಾತ್ರ ಮುಖಕ್ಕೆ ಉಗಿದ ಹಾಗೆ.

ಇದರಿಂದ ಏನಾಗುತ್ತಿತ್ತು ಗೊತ್ತೇ? ಒಂದೇ ದಿನ, ಒಂದೇ ಕಟ್ಟೆಯ ಮೇಲೆ, ಒಂದೇ ತರದ ಕೊಬ್ಬರಿಗೆ ಅಣ್ಣನಿಗೊಂದು ರೇಟು, ತಮ್ಮನಿಗೊಂದು ರೇಟು. ಆ ಅಂತರದಲ್ಲೇ ನಾವೆಲ್ಲ ಮನೆ ಕಟ್ಟಿದ್ದು. ದೊಡ್ಡ ಮಂಡಿ ಸಾಹುಕಾರರು ಮೂರು ಅಂತಸ್ತು ಕಟ್ಟಿದರು, ನಾನು ಒಂದು.

ಆಮೇಲೆ ಮೊಬೈಲು ಎಲ್ಲರ ಜೇಬಿಗೂ ಬಂತು. ಹಳೇಬೀಡಿನಲ್ಲಿ ದೇವಸ್ಥಾನದ ಎದುರು ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಬ್ರೌಸಿಂಗ್ ಸೆಂಟರ್ ಇಟ್ಟಿದ್ದಳು, ಬಂದ ವಿದೇಶಿಯರು ಮೇಲ್ ನೋಡಿಕೊಳ್ಳಲಿಕ್ಕೆ. ಓದಿದ ಮನೆ, ಅಣ್ಣಂದಿರಿಬ್ಬರೂ ನೌಕರಿಯಲ್ಲಿದ್ದರು, ಅಂಗಡಿಯ ಗೋಡೆಗೆ ಬುದ್ಧನ ಪಟ. ಅವರ ಅಪ್ಪನ ಎರಡು ಎಕರೆ ತೋಟದ ಕೊಬ್ಬರಿ ನನ್ನ ಕೈಯಲ್ಲೇ ಮಾರಾಟವಾಗುತ್ತಿತ್ತು. ಒಂದು ದಿನ ಅವಳು ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ಕೇಳಿದಳು: "ಅಣ್ಣ, ತಿಪಟೂರಿನ ರೇಟು ಇಲ್ಲಿ ದಿನಾ ಬರ್ತದೆ. ನೀವು ನಮ್ಮಪ್ಪನಿಗೆ ಕೊಡಿಸಿದ್ದು ಇದಕ್ಕಿಂತ ಯಾಕೆ ಕಡಿಮೆ?"

"ಅದು ತಿಪಟೂರು ಕಣಮ್ಮ, ಇದು ಅರಸೀಕೆರೆ."

"ಕೊಬ್ಬರಿಗೆ ಗೊತ್ತಾ ಅದು ಯಾವೂರಲ್ಲಿದೆ ಅಂತ?"

ಬೇರೆಯವನಾಗಿದ್ದರೆ ಕೋಪ ಮಾಡಿಕೊಳ್ಳುತ್ತಿದ್ದ. ನಾನು ಕೂತು ಯೋಚನೆ ಮಾಡಿದೆ. ಸಾಹುಕಾರರ ಮುಂದೆ ನಾನೂ ಚಿಲ್ಲರೆ ಆಸಾಮಿಯೇ. ರೈತ ನನ್ನನ್ನು ನಂಬಿದರೆ ಮೂಟೆ ನನ್ನ ಕಡೆ ಬರುತ್ತದೆ, ಮೂಟೆ ಬಂದರೆ ಸಾಹುಕಾರರು ನನ್ನ ಹತ್ತಿರ ಬರಲೇಬೇಕು. ಸಮಾಜಸೇವೆ ಅಂತ ನಾನು ಹೊರಟವನಲ್ಲ, ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವಳೇ ದಾರಿ ತೋರಿಸಿದಳು. ಆಗ ಮೊಬೈಲಿನಲ್ಲಿ ಗುಂಪು ಕಟ್ಟುವ ಒಂದು ಸೌಕರ್ಯ ಬಂದಿತ್ತು. ಸೇರಿಕೊಂಡವರಲ್ಲಿ ಯಾರು ಒಂದು ಸಾಲು ಬರೆದರೂ ಎಲ್ಲರ ಫೋನಿಗೂ ಹೋಗುತ್ತಿತ್ತು. ನಿಯಮ ಒಂದೇ: ಆವತ್ತು ಮಾರಿದವನು ತನಗೆ ಸಿಕ್ಕ ರೇಟು ಸುಳ್ಳಿಲ್ಲದೆ ಬರೆಯಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ತಪ್ಪೋ ಒಪ್ಪೋ. ಜಾವಗಲ್, ಹಾರನಹಳ್ಳಿ, ಬೇಲೂರಿನ ಆಚೆ ಗೆಂಡೆಹಳ್ಳಿಯವರೆಗೂ ಸೇರಿದರು.

ಮೂರು ನಾಲ್ಕು ಸಂತೆ ಕಳೆಯುವುದರೊಳಗೆ ಯಾರ್ಡಿನ ಚಹರೆಯೇ ಬೇರೆ. ಸಾಹುಕಾರರು ಟವಲ್ಲು ಚಾಚಿದರೆ ರೈತರು ಕೈ ಕಟ್ಟಿಕೊಂಡು ನಿಂತರು. "ಬಾಯಲ್ಲಿ ಹೇಳಿ ಸ್ವಾಮಿ" ಅಂದರು. ಒಂದು ಸಂತೆಯಲ್ಲಂತೂ ಸಂಜೆಯವರೆಗೂ ಒಂದು ಮೂಟೆ ಅಲುಗಲಿಲ್ಲ. ಹೊರಗಿನ ಊರಿನಿಂದ ಸರಕಿಗೆ ಬಂದಿದ್ದ ಲಾರಿಗಳು ಖಾಲಿ ಹೋದವು. ಆ ವರ್ಷ ಅವರಲ್ಲಿ ಎಲ್ಲರಿಗಿಂತ ದೊಡ್ಡ ಮಂಡಿಯ ಸಾಹುಕಾರರೊಬ್ಬರು ಮಾರುಕಟ್ಟೆ ಸಮಿತಿಯ ಚುನಾವಣೆಗೆ ನಿಂತಿದ್ದರು. ಓಟು ಹಾಕಬೇಕಾದವರೇ ಎದುರಿಗೆ ಕೈ ಕಟ್ಟಿ ನಿಂತದ್ದು ಅವರಿಗೆ ರೇಟಿಗಿಂತ ಹೆಚ್ಚು ಚುಚ್ಚಿತು.

ಆ ಸಂತೆಯ ಮಾರನೆಯ ದಿನ ಮಧ್ಯಾಹ್ನ ಅವರು ತಮ್ಮ ಗೋಡೌನಿಗೆ ಬರುವಂತೆ ನನಗೆ ಹೇಳಿ ಕಳಿಸಿದರು. ಹೋದೆ. ಕಾಫಿ ಕೊಟ್ಟರು.

"ಏನಪ್ಪ, ಮೊಬೈಲ್ ಮಂಡಿ ಸಾಹುಕಾರ," ಅಂದರು. "ಆ ಗುಂಪು ಮುಚ್ಚೋದಕ್ಕೆ ಏನ್ ತಗೋತೀಯ?"

"ಮುಚ್ಚೋಕೆ ಅದೇನು ಅಂಗಡಿ ಬಾಗಿಲಾ ಸ್ವಾಮಿ? ನೀವೂ ಸೇರ್ಕಳಿ, ನಿಮ್ ರೇಟು ನೀವೇ ಹಾಕಿ."

ನಕ್ಕರು. "ಬಾಯಿ ಮಾತು ಬ್ಯಾಡ. ಹಳೇ ಪದ್ಧತೀಲೇ ಮುಗ್ಸನ" ಎಂದು ಹೆಗಲ ಮೇಲಿನ ಟವಲ್ಲು ತೆಗೆದು ಕೈ ಮೇಲೆ ಇಳಿಬಿಟ್ಟರು.

ಅಲ್ಲಿ ನೋಡಿ ನಾನು ಕೆಟ್ಟದ್ದು. ಬೇರೆ ಯಾವ ಕಸುಬಿನವನಾದರೂ ಹಿಂದಕ್ಕೆ ಸರಿಯುತ್ತಿದ್ದ. ಇಷ್ಟು ವರ್ಷ ಟವಲ್ಲು ಕಂಡ ಕಡೆ ಕೈ ಕೊಟ್ಟು ಅಭ್ಯಾಸವಾದವನು ನಾನು. ಬೇಡ ಅಂತ ಮನಸ್ಸು ಹೇಳುವುದರೊಳಗೆ ಕೈ ಒಳಗೆ ಹೋಗಿತ್ತು. ಸಾಹುಕಾರರು ಮುಷ್ಟಿ ಒತ್ತಿದರು, ಮತ್ತೆ ಒತ್ತಿದರು, ಮತ್ತೂ ಒತ್ತಿದರು. ದೊಡ್ಡ ಮೊತ್ತವೇ. ನಾನು ಬೆರಳು ಬಿಡಿಸಿಕೊಳ್ಳಲು ಹೋದೆ. ಅವರು ಬಿಡಲಿಲ್ಲ. ಹಿಂದಿನಿಂದ ಇಬ್ಬರು ನನ್ನ ಹೆಗಲು, ಕತ್ತು ಅಮುಕಿ ಹಿಡಿದು, ಟವಲ್ಲಿನ ಸಮೇತ ಕೈಯನ್ನು ಸಿಮೆಂಟು ಕಟ್ಟೆಯ ಅಂಚಿಗೆ ಎಳೆದರು. ಮೂರನೆಯವನು ತಕ್ಕಡಿಯಿಂದ ಇಪ್ಪತ್ತು ಕೇಜಿ ತೂಕದ ಕಬ್ಬಿಣ ಎತ್ತಿ ತಂದ.

ಟವಲ್ಲು ಮುಚ್ಚಿದ್ದರಿಂದ ನನಗೆ ಕಾಣಲಿಲ್ಲ. ಸದ್ದು ಕೇಳಿಸಿತು, ಒಣಗಿದ ಕರಟ ಒಡೆದ ಹಾಗೆ. ನೋವು ಸದ್ದಿನ ಹಿಂದೆ ಬಂತು. ಬಿಳಿ ಟವಲ್ಲು ಮಧ್ಯದಿಂದ ಕೆಂಪಾಗುತ್ತಾ ಅಂಚಿಗೆ ಬಂದದ್ದನ್ನು ನೋಡುತ್ತಾ ಇದ್ದೆ. ಇನ್ನೊಮ್ಮೆ ಇಳಿಸಿದರು. ಬಾಯಿಗೆ ಗೋಣಿಚೀಲ ತುರುಕಿದ್ದರು, ಅದರ ನಾರು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

"ಈಗ ಟೈಪ್ ಮಾಡು ನೋಡನ," ಅಂದ ತೂಕ ಹಿಡಿದಿದ್ದವನು.

ಆಸ್ಪತ್ರೆಯಲ್ಲಿ ಡಾಕ್ಟರು ಎರಡು ಬೆರಳನ್ನು ಉಳಿಸುವ ಪ್ರಯತ್ನವನ್ನೇ ಮಾಡಲಿಲ್ಲ, ಉಳಿಸಲು ಅಲ್ಲಿ ಬೆರಳು ಅನ್ನುವಂತಹದ್ದು ಇರಲಿಲ್ಲ. ನನ್ನ ಹೆಂಡತಿ ಹಳೇಬೀಡಿಗೆ ಫೋನು ಮಾಡಿದಳು. ಆ ಹೆಣ್ಣುಮಗಳು ಗುಂಪಿಗೆ ಬರೆದದ್ದು ಇಷ್ಟೇ: ಸಾಹುಕಾರರ ಗೋಡೌನಿನಲ್ಲಿ ದಲ್ಲಾಳಿ ಅಣ್ಣನ ಕೈ ಜಜ್ಜಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ. ಒಂದಕ್ಷರ ಸುಳ್ಳಿರಲಿಲ್ಲ. ಅದನ್ನು ಓದಿದವರು ಗುಂಪಿನ ಹೊರಗಿನವರಿಗೆ ತಮ್ಮ ಮಾತಿನಲ್ಲಿ ಬರೆದರು. ಹಾರನಹಳ್ಳಿಗೆ ಹೋಗುವಾಗ ಕೈ ಕಡಿದಿದ್ದರು. ಜಾವಗಲ್‌ಗೆ ಹೋಗುವಾಗ ಉಳಿಯುವುದು ಕಷ್ಟ. ಗೆಂಡೆಹಳ್ಳಿ ಮುಟ್ಟುವಷ್ಟರಲ್ಲಿ ನಾನು ಸತ್ತಿದ್ದೆ.

ಸತ್ತವನಿಗಾಗಿ ಜನ ಟೆಂಪೋ ಹತ್ತಿ ಬಂದರು. ಯಾರೂ ಕರೆದಿರಲಿಲ್ಲ, ಯಾರೂ ಮುಂದಾಳು ಅಂತ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದ ನನಗೆ ಮೊದಲು ಗೊತ್ತಾದದ್ದು ವಾಸನೆ. ಕೊಬ್ಬರಿಗೆ ಬೆಂಕಿ ಬಿದ್ದರೆ ಆರುವುದಿಲ್ಲ, ಎಣ್ಣೆ ಕುದಿದು ತಾನೇ ತನ್ನನ್ನು ಉರಿಸಿಕೊಳ್ಳುತ್ತದೆ. ಹೊಗೆ ಕಪ್ಪು, ವಾಸನೆ ಮಾತ್ರ ಹಬ್ಬದ ಅಡಿಗೆ ಮನೆಯದು. ಕಿಟಕಿಯಿಂದ ಅದು ಬಂದಾಗ, ಸಾಹುಕಾರರ ಗೋಡೌನು ಅಂತ ಗೊತ್ತಾಯಿತು. ಅದರೊಳಗಿದ್ದದ್ದರಲ್ಲಿ ಅರ್ಧ ನನ್ನ ರೈತರದ್ದೇ ಕೊಬ್ಬರಿ. ಗ್ಲೂಕೋಸಿನ ಸೂಜಿ ಕಿತ್ತು, ಹೆಂಡತಿಯ ಹೆಗಲು ಹಿಡಿದು ಆಟೋ ಹತ್ತಿದೆ.

ಯಾರ್ಡಿನ ಗೇಟಿನ ಹತ್ತಿರವೇ ಗುಮಾಸ್ತ ಬಿದ್ದಿದ್ದ. ಸಾಹುಕಾರರ ಹತ್ತಿರ ತೂಕ ಬರೆಯುತ್ತಿದ್ದವನು, ಆವತ್ತು ಬೆಳಗಿನಿಂದ ಹಾರನಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದವನು, ಆಗಷ್ಟೇ ಬಸ್ಸಿಳಿದು ಬಂದಿದ್ದನಂತೆ. ಊಟದ ಡಬ್ಬಿ ಪಕ್ಕದಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಮುಖದ ಒಂದು ಕಡೆ ಕಲ್ಲಿನಿಂದ ಹೊಡೆದಿದ್ದರು, ಕಣ್ಣಿದ್ದ ಜಾಗದಲ್ಲಿ ರಕ್ತದ ಮುದ್ದೆ. ಒಂದು ಕೈಯಿಂದ ನೆಲ ತಡಕುತ್ತಿದ್ದ. ಹೆಂಡತಿಯನ್ನು ಅವನ ಹತ್ತಿರ ಬಿಟ್ಟು ಒಳಗೆ ಹೋದೆ.

ಹರಾಜು ಕಟ್ಟೆಯ ಮೇಲೆ ಸಾಹುಕಾರರನ್ನು ಮಂಡಿಯೂರಿಸಿದ್ದರು. ಅಂಗಿ ಹರಿದಿತ್ತು, ಬಾಯಿಯಿಂದ ರಕ್ತ ಸುರಿಯುತ್ತಿತ್ತು. ಅವರ ಬಲಗೈಯನ್ನು ಕಟ್ಟೆಯ ಮೇಲೆ ಚಾಚಿ ಇಬ್ಬರು ಮೆಟ್ಟಿ ನಿಂತಿದ್ದರು. ಜಾವಗಲ್ಲಿನ ಒಬ್ಬ, ನನ್ನ ಜೊತೆಗೇ ಮೂಟೆ ಹೊತ್ತವನು, ಎಳನೀರು ಕೆತ್ತುವ ಮಚ್ಚು ಹಿಡಿದಿದ್ದ. ಸುತ್ತಲೂ ಕಲ್ಲು, ಬೈಗುಳ, ಬೆಂಕಿಯ ಸದ್ದು. ನಾನು ಕೂಗಿದೆ. ನನ್ನ ಗಂಟಲಿನಿಂದ ಬಂದದ್ದು ನನಗೇ ಕೇಳಿಸಲಿಲ್ಲ. ಪಕ್ಕದವನ ಭುಜ ಹಿಡಿದರೆ ಅವನು ತಿರುಗಿಯೂ ನೋಡದೆ ಮೊಣಕೈಯಿಂದ ತಿವಿದ.

ಎಡಗೈಯಲ್ಲಿ ಹಳೇಬೀಡಿಗೆ ಫೋನು ಮಾಡಿದೆ.

"ಅಣ್ಣ, ನೀವು ಬದುಕಿದ್ದೀರಾ?" ಅಂದಳು. ಅವಳಿಗೂ ಅಷ್ಟರಲ್ಲಿ ಸುದ್ದಿ ತಿರುಗಿ ಬಂದಿತ್ತು.

"ಬದುಕಿವ್ನಿ ಕಣಮ್ಮ. ಬೇಗ ಹಾಕು. ದಲ್ಲಾಳಿ ಸತ್ತಿಲ್ಲ, ಯಾರ್ಡಲ್ಲೇ ಅವ್ನೆ, ಹಿಂದೆ ತಿರುಗಿ ನೋಡಿ ಅಂತ ಹಾಕು."

ಫೋನು ಕಿವಿಯಲ್ಲಿಟ್ಟುಕೊಂಡೇ ಕಾದೆ. ಕಟ್ಟೆಯ ಸುತ್ತ ಜೇಬುಗಳು ಒಂದೊಂದಾಗಿ, ಆಮೇಲೆ ಒಟ್ಟಿಗೆ, ಟಿಂಗ್ ಟಿಂಗ್ ಎಂದವು. ನಾನು ಹೇಳುವುದನ್ನು ನೀವು ನಂಬುವುದು ಕಷ್ಟ. ಕಲ್ಲೆತ್ತಿದವರು ಕಲ್ಲು ಕೆಳಗಿಟ್ಟು ಫೋನು ತೆಗೆದರು. ಮಚ್ಚು ಹಿಡಿದಿದ್ದವನು ಮಚ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ರಕ್ತ ಮೆತ್ತಿದ ಹೆಬ್ಬೆರಳಿನಿಂದ ಬಟನ್ನು ಒತ್ತಿ ಓದಿದ. ನನ್ನ ಕೂಗಿಗೆ ತಿರುಗದ ತಲೆಗಳೆಲ್ಲ ಆ ಒಂದು ಸಾಲಿಗೆ ತಿರುಗಿದವು.

"ಏನ್ಲಾ, ಸತ್ತಿಲ್ವೇನ್ಲಾ ನೀನು?" ಅಂದ ಮಚ್ಚಿನವನು.

"ಬ್ಯಾಸರ ಆಯ್ತೇನ್ಲಾ ನಿಂಗೆ?" ಅಂದೆ.

ಗೆಂಡೆಹಳ್ಳಿಯ ಒಬ್ಬ ಹಿರಿಯರು ಹಿಂದಿನಿಂದ ಹೇಳಿದರು: "ಇಲ್ಲ ಕಣಪ್ಪ, ಹಾರ ತಂದ್ಬುಟ್ಟಿದ್ದೆ." ನಿಜವಾಗಿಯೂ ಅವರ ಕೈಯಲ್ಲಿ ನನ್ನ ಹೆಣಕ್ಕೆಂದು ತಂದ ಸೇವಂತಿಗೆ ಹಾರ ಇತ್ತು. ಒಬ್ಬಿಬ್ಬರು ನಕ್ಕರು. ಆ ನಗು ಸಾಕಾಯಿತು ನನಗೆ, ಕಟ್ಟೆ ಹತ್ತಿದೆ.

"ಸತ್ತಿಲ್ದಿದ್ರೇನು, ಬೆರಳು ಹೋಗೈತಲ್ಲ," ಅಂದ ಮಚ್ಚಿನವನು. "ಬೆರಳಿಗೆ ಬೆರಳು. ದೂರ ನಿಂತ್ಕೊ."

"ತೆಗಿ. ತೆಗೆದ್ಮೇಲೆ? ನೀನು ಜೈಲಲ್ಲಿ, ನಿನ್ ಕೊಬ್ಬರಿ ಅಟ್ಟದ ಮೇಲೆ. ಕೊಳ್ಳೋರು ಯಾರ್ಲಾ, ನಿಮ್ಮಪ್ಪನಾ? ನಿನ್ ಮಚ್ಚಿಗೆ ಹೆದರಿ ಯಾವ ಲಾರಿ ಬತ್ತದೆ ಈ ಯಾರ್ಡಿಗೆ?"

ಮಚ್ಚು ಹಿಡಿದ ಕೈ ಒಂದು ಗೇಣು ಕೆಳಗಿಳಿಯಿತು. ವ್ಯಾಪಾರದಲ್ಲಿ ಹಾಗಂದರೆ ರೇಟು ಇಳಿಯುತ್ತಿದೆ ಅಂತ.

"ಈ ಕೈ ನಂಗೆ ಬಿಡು. ಬದಲಿಗೆ ಇವರ ಬಾಯಿ ತಗೋ. ಇವತ್ತಿನಿಂದ ಈ ಕಟ್ಟೆ ಮೇಲೆ ಟವಲ್ಲು ಬರಕೂಡ್ದು. ರೇಟು ಕೂಗಿ ಹೇಳ್ಬೇಕು. ಏನ್ ಸ್ವಾಮಿ, ಕೂಗ್ತೀರಾ?"

ಸಾಹುಕಾರರು ನನ್ನ ಬ್ಯಾಂಡೇಜು ನೋಡಿದರು, ಮಚ್ಚು ನೋಡಿದರು. ರಕ್ತ ಉಗುಳಿ ಆವತ್ತಿನ ರೇಟು ಹೇಳಿದರು.

"ಹಿಂದಿನೋರಿಗೆ ಕೇಳಿಸ್ಲಿಲ್ಲ!" ಅಂತ ಯಾರೋ ಕೂಗಿದರು.

ಮತ್ತೆ ಕೂಗಿದರು. ಸ್ವರ ಒಡೆದಿತ್ತು. ಆ ಯಾರ್ಡಿನಲ್ಲಿ ಸಾಹುಕಾರರೊಬ್ಬರು ರೇಟು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಪೊಲೀಸರು ಬಂದು ಎಲ್ಲರಿಗೂ ಬಾರಿಸಿದರು, ನನ್ನ ಬೆನ್ನಿಗೂ ಎರಡು ಬಿತ್ತು.

ಗುಮಾಸ್ತನ ಕಣ್ಣು ಹೋಯಿತು. ಹೊಡೆದವರು ಯಾರು ಅಂತ ಪೊಲೀಸರು ಬಂದವರನ್ನೆಲ್ಲ ಕೇಳಿದರು. ನಾನಲ್ಲ, ಗುಂಪು ಅಂದರು ಎಲ್ಲರೂ. ಗುಂಪಿನಲ್ಲಿ ಇದ್ದವರಾರು ಅಂದರೆ ಎಲ್ಲರೂ. ಕೆಲವು ತಿಂಗಳ ಮೇಲೆ ಗುಮಾಸ್ತ ನನ್ನನ್ನು ಕೇಳಿದ: "ಅಣ್ಣ, ಆ ಮೆಸೇಜಲ್ಲಿ ನನ್ನ ಹೆಸರೇನಾದ್ರೂ ಇತ್ತಾ?"

"ಇರ್ಲಿಲ್ಲಪ್ಪ."

"ಮತ್ತೆ ನಂಗ್ಯಾಕೆ ಹೊಡುದ್ರು?"

 

ಬೆಂಕಿ ಪೂರ್ತಿ ಆರುವ ಮೊದಲೇ ಬಿಳಿ ಬಟ್ಟೆಯವರೊಬ್ಬರು ಮನೆಗೆ ಬಂದರು, ಸಾಹುಕಾರರ ಎದುರು ಪಕ್ಷದವರು. ಕೈಯ ವಿಚಾರ ಒಂದೇ ಸಲ ಕೇಳಿದರು. ಆಮೇಲೆ ಕೇಳಿದ್ದು: "ಒಂದು ಲಾರಿ ಜನ ಸೇರ್ಸೋಕೆ ನಾವು ಬಾಡಿಗೆ ಕೊಡ್ಬೇಕು, ಬಾಡೂಟ ಹಾಕಿಸ್ಬೇಕು. ನಿಂಗೆ ಒಂದು ಸಾಲು ಸಾಕಾಯ್ತಲ್ಲ ಮಾರಾಯ! ಆ ನಂಬರುಗಳು ನಮ್ಗೆ ಕೊಡು." ನಾನು ಹಳೇಬೀಡಿನವಳ ಕಡೆ ಕೈ ತೋರಿಸಿದೆ. ಅವಳು ಅವರನ್ನು ಕೂರಿಸಿಯೇ ಹೇಳಿದಳಂತೆ: "ಸತ್ತಿಲ್ಲದವರನ್ನ ಸಾಯಿಸೋ ಜನ ಸರ್ ಇವರು. ನಿಮ್ಮನ್ನೂ ಸಾಯಿಸಿಬಿಟ್ಟರೆ?" ಅವರು ಬೇರೆ ಕಡೆ ನಂಬರು ಹುಡುಕಿಕೊಂಡರು. ಮುಂದಿನ ಪಂಚಾಯ್ತಿ ಚುನಾವಣೆಗೆ ಎಲ್ಲ ಪಕ್ಷಕ್ಕೂ ಒಂದೊಂದು ಗುಂಪಿತ್ತು. ಒಂದು ಸುಳ್ಳು ಮೆಸೇಜಿಗೆ ಬೇಲೂರಿನ ಕಡೆ ಅಕ್ಕಪಕ್ಕದ ಮನೆಯವರೇ ದೊಣ್ಣೆಯಲ್ಲಿ ತಲೆ ಒಡೆದುಕೊಂಡರು. ಸಾಹುಕಾರರೂ ಕಲಿತು ತಮ್ಮದೇ ಒಂದು ಗುಂಪು ಕಟ್ಟಿದರು. ಈಗ ಬೆಳಿಗ್ಗೆ ಎಲ್ಲರಿಗಿಂತ ಮೊದಲು ರೇಟಿನ ಮೆಸೇಜು ಬರುವುದು ಅವರ ಫೋನಿನಿಂದಲೇ. ರೈತರು ಅದನ್ನು ಹಳೇಬೀಡಿನವಳ ರೇಟಿನ ಜೊತೆ ತಾಳೆ ನೋಡಿ ಆಮೇಲೆ ಮೂಟೆ ಬಿಚ್ಚುತ್ತಾರೆ.

ನೀವು ಇಂತಹ ಗುಂಪು ಕಟ್ಟುವವರಿದ್ದರೆ ಕಟ್ಟಿ, ಬೇಡ ಅನ್ನುವುದಿಲ್ಲ; ಇವತ್ತೂ ನನ್ನ ಊಟ ಅದರಿಂದಲೇ. ಯಾರು ಬರೆಯಬಹುದು ಅನ್ನುವುದನ್ನು ಮೊದಲ ದಿನವೇ ಗಟ್ಟಿ ಮಾಡಿ, ನಮ್ಮ ಗುಂಪಿನಲ್ಲಿ ಈಗ ನಾನು, ಹಳೇಬೀಡಿನವಳು, ಇಬ್ಬರೇ ಬರೆಯುವುದು. ರೇಟು ಬಂದರೆ ಸಿಕ್ಕಿದ್ದು ಯಾರಿಗೆ ಅಂತ ಕೇಳಿ, ಸಾವಿನ ಸುದ್ದಿ ಬಂದರೆ ಟೆಂಪೋ ಹತ್ತುವ ಮುಂಚೆ ಸತ್ತವನ ಮನೆಗೆ ಒಂದು ಫೋನು ಮಾಡಿ, ಒಂದು ರೂಪಾಯಿಯ ಕೆಲಸ. ಕೋಪ ಬಂದಾಗ ಫೋನು ಹೆಂಡತಿಯ ಕೈಗೆ ಕೊಡಿ. ಯಾರಾದರೂ ಗೋಡೌನಿಗೆ ಕರೆದು ಕಾಫಿ ಕೊಟ್ಟರೆ ಬಾಗಿಲಲ್ಲೇ ನಿಂತು ಕುಡಿಯಿರಿ. ಟವಲ್ಲು ಚಾಚಿದರೆ ಅವರಿಗೆ ಅವಮಾನವಾದರೂ ಆಗಲಿ, ಕೈ ಜೇಬಿನಲ್ಲಿರಲಿ. ಬಾಯಿ ಬಿಟ್ಟು ಹೇಳಿ ಅನ್ನಿ, ಹಿಂದೆ ನಿಂತವರಿಗೂ ಕೇಳಿಸಲಿ.